ಗಾರ್ಡ್ ಹಾಕ್ರಪ್ಪೋ!

ಪೀಣ್ಯದ ಯಾವ ಅಡ್ಡರಸ್ತೆಗೆ ನುಗ್ಗಿದರೂ ಈ ಮ್ಯಾನೇಜರು ಸಿಗುತ್ತಾರೆ. ಸಾವಿರ ಕಾರ್ಮಿಕರಿದ್ದರೆ ಸೇಫ್ಟಿ ಆಫೀಸರ್ ಇರಬೇಕೆಂದಿತ್ತು 1948ರ ಕಾರ್ಖಾನೆ ಕಾಯ್ದೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 500ಕ್ಕೆ ಇಳಿಸಿತು. ಇವರ ಪ್ರೆಸ್ ಶಾಪಿನಲ್ಲಿ ಇರುವುದೇ ಅರವತ್ತು ಜನ. ಹಾಗಾಗಿ ಸಂಬಳದ ಲೆಕ್ಕ, ಡೀಸೆಲ್ ಲೆಕ್ಕ, ಆಯುಧಪೂಜೆಯ ಕುಂಬಳಕಾಯಿ ಲೆಕ್ಕದ ಜೊತೆಗೆ ಸುರಕ್ಷತೆಯೂ ಇವರ ತಲೆಗೇ ಬಿದ್ದಿದೆ. ಆ ತಲೆಗೆ ಹೆಲ್ಮೆಟ್ ಬೀಳುವುದು ಮಾತ್ರ ಅಪರೂಪ.

ಪಕ್ಕದ ಶೆಡ್ಡಿನಿಂದ ಫೋನು ಬರುತ್ತದೆ: "ಸಾರ್, ಇನ್ಸ್‌ಪೆಕ್ಟ್ರು ನಮ್ ಗೇಟಲ್ಲವ್ರೆ."

ಆಮೇಲೆ ನೋಡಬೇಕು! ಕುಡಿಯುವ ನೀರು ಶೌಚಾಲಯದಿಂದ ಆರು ಮೀಟರ್ ದೂರವಿರಬೇಕೆಂಬ ನಿಯಮ ಥಟ್ಟನೆ ನೆನಪಾಗಿ, ಇಬ್ಬರು ಹುಡುಗರು ನೀರಿನ ಕ್ಯಾನ್ ಹೊತ್ತು ಓಡುತ್ತಾರೆ. ಫಸ್ಟ್ ಏಡ್ ಡಬ್ಬಿಯಿಂದ ಬಿಲ್ ಪುಸ್ತಕ, ಊದುಬತ್ತಿ ಹೊರಬಿದ್ದು ಬ್ಯಾಂಡೇಜು ಒಳಸೇರುತ್ತದೆ. ಬೀರುವಿನಲ್ಲಿದ್ದ ಕನ್ನಡಕಗಳು ಪ್ಲಾಸ್ಟಿಕ್ ಕವರ್ ಕಳಚಿಕೊಂಡು ಮದುಮಕ್ಕಳಂತೆ ಹೊಳೆಯುತ್ತವೆ.

ಮುಖ್ಯವಾದದ್ದು ಪವರ್ ಪ್ರೆಸ್ಸು. ಎರಡು ಕೈಯಿಂದ ಎರಡು ಬಟನ್ ಒತ್ತಿದರಷ್ಟೇ ಅದು ಇಳಿಯಬೇಕು. ಆಗ ಯಾವ ಕೈಯೂ ಡೈ ಒಳಗೆ ಇರುವುದಿಲ್ಲ. ಆದರೆ ಟಾರ್ಗೆಟ್ ಮುಟ್ಟಬೇಕಲ್ಲ? ಒಂದು ಬಟನ್ನಿಗೆ ಮರದ ಚೆಕ್ಕೆ ಸಿಕ್ಕಿಸಿ, ಬಿಡುವಾದ ಕೈಯಲ್ಲಿ ತಗಡು ತಳ್ಳುತ್ತಾರೆ. ಬೆರಳು ಹೋಗುವುದೇ ಅಲ್ಲಿ. ಇವತ್ತು ಚೆಕ್ಕೆ ಮ್ಯಾನೇಜರ ಜೇಬಿನಲ್ಲಿ. ಬಿಚ್ಚಿಟ್ಟಿದ್ದ ಗಾರ್ಡೂ ಮರಳಿ ಕೂತಿದೆ. ಉತ್ಪಾದನೆ ಇಳಿಯಿತು ನಿಜ, ಆದರೆ ಇಡೀ ವರ್ಷದಲ್ಲಿ ಇಷ್ಟು ಭದ್ರವಾದ ದಿನ ಇನ್ನೊಂದಿಲ್ಲ.

"ಸಾರ್, ಅವ್ರು ಹೋದ್ರು. ಗಾರ್ಡ್ ಬಿಚ್ಲಾ?"

"ತಡಿಯೋ ಮಾರಾಯ, ಜೀಪು ತಿರುವು ದಾಟ್ಲಿ."

ಇಂಥವರ ನಿದ್ದೆಗೆಡಿಸಿದ್ದು ಕಂಪ್ಯೂಟರು. 2014ರಲ್ಲಿ ಬಂದ ಕೇಂದ್ರದ ಶ್ರಮ ಸುವಿಧಾ ಪೋರ್ಟಲ್‌ನಲ್ಲಿ ಯಾರು ಎಲ್ಲಿಗೆ ತಪಾಸಣೆಗೆ ಹೋಗಬೇಕೆಂದು ಚೀಟಿ ಎತ್ತುವುದು ಯಂತ್ರವೇ. ವರದಿಯನ್ನು 72 ಗಂಟೆಯೊಳಗೆ ಏರಿಸಬೇಕೆಂದು ಆಗ ವಿಧಿಸಿದ್ದರು. ಚೀಟಿ ಎತ್ತಿದಂತೆ ತಪಾಸಣೆ ನಡೆದರೆ ಏನಾಗುತ್ತದೆಂದು ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಹಾಕಿದ್ದಾರೆ. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ಅಧ್ಯಯನದ ಪ್ರಕಾರ ತಪಾಸಣೆಯಾದ ಕಡೆ ಗಾಯಗಳು ಶೇ. 9.4ರಷ್ಟು, ಅವುಗಳ ಖರ್ಚು ಶೇ. 26ರಷ್ಟು ಇಳಿದವು. ವ್ಯಾಪಾರ ಕುಸಿದದ್ದಾಗಲಿ ಕೆಲಸ ಕಡಿಮೆಯಾದದ್ದಾಗಲಿ ಕಾಣಲಿಲ್ಲ.

"ಅಮೆರಿಕದ ಮಾತು ಬಿಡ್ರೀ," ಎನ್ನುತ್ತಾರೆ ಮ್ಯಾನೇಜರು. "ಅಲ್ಲಿ ಲೋಡು ಲೇಟಾದ್ರೆ ನಮ್ ಯಜಮಾನ್ರು ಬಯ್ಯಲ್ಲ."

ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ. ಎಲ್ಲರ ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಬೋಧಿಸುವವರು ಇವರೇ. ಅದಕ್ಕೆ ಹೋದ ಅರ್ಧ ಗಂಟೆಯನ್ನು ಸಂಜೆ ನಿಲ್ಲಿಸಿಕೊಂಡು ವಸೂಲಿ ಮಾಡುವವರೂ ಇವರೇ.