ಕಂಟ್ರಾಕ್ಟರ್: ಬಳಕೆದಾರರ ಕೈಪಿಡಿ (ವಟ್ವಾ ಆವೃತ್ತಿ)

ಅಹಮದಾಬಾದಿನ ವಟ್ವಾದಲ್ಲಿ, ಜಿಐಡಿಸಿ ಕೈಗಾರಿಕಾ ವಸಾಹತಿನ ಬಣ್ಣದ ಫ್ಯಾಕ್ಟರಿಗಳಲ್ಲಿ ದುಡಿಯುತ್ತ, ರಜೆಗೆ ಊರಿಗೆ ಹೋದಾಗಲೆಲ್ಲ ‘ಇನ್ನೂ ಬಾಡಿಗೆ ಮನೇನಾ?’ ಅನ್ನಿಸಿಕೊಂಡು, ಕೊನೆಗೆ ಹಟಕ್ಕೆ ಪ್ಲಾಟು ಕೊಂಡ ಕನ್ನಡಿಗರಿಗಾಗಿ ಈ ಕೈಪಿಡಿ. ಕಂಟ್ರಾಕ್ಟರನ್ನು ಚಾಲೂ ಮಾಡುವ ಮೊದಲೇ ಓದಿ. ಮುಂಗಡ ಕೊಟ್ಟ ಮೇಲೆ ಓದಿದರೆ ದುಃಖ ಹೆಚ್ಚುತ್ತದೆ, ಅಷ್ಟೇ.

ಅಳತೆ. ಇಲ್ಲಿ ಜಾಗ ಮಾರುವುದು ವಾರ್ ಲೆಕ್ಕದಲ್ಲಿ, ಮನೆ ಕಟ್ಟುವುದು ಚದರಡಿ ಲೆಕ್ಕದಲ್ಲಿ. ಒಂದು ವಾರ್‌ಗೆ ಒಂಬತ್ತು ಚದರಡಿ. ಈ ಗಣಿತ ಎಲ್ಲರಿಗೂ ಬರುತ್ತದೆ. ಬಾಲ್ಕನಿಗೆ ಪೂರ್ತಿ ರೇಟೋ ಅರ್ಧವೋ, ನೆಲದಡಿಯ ನೀರಿನ ಟಾಂಕಿ ರೇಟಿನ ಒಳಗೋ ಹೊರಗೋ ಎಂಬ ಗಣಿತ ಮಾತ್ರ ಕೊನೆಯ ಬಿಲ್ಲಿನ ದಿನವೇ ಹೊರಗೆ ಬರುವುದು. ಅದನ್ನು ಕರಾರಿನಲ್ಲೇ ಬರೆಸಿ. ಬರೆಸುವಾಗ ‘ಅರೇ ಸಾಹೇಬ್, ಘರ್‌ನೂ ಕಾಮ್ ಛೇ!’ (ಮನೆಯದೇ ಕೆಲಸ!) ಎಂಬ ಸದ್ದು ಬಂದರೆ ಗಾಬರಿ ಬೇಡ. ಯಂತ್ರ ಸರಿಯಾಗಿಯೇ ಓಡುತ್ತಿದೆ.

ನೀರು. ಬೇರೆ ಊರಿನ ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ. ವಟ್ವಾ ಸುತ್ತಲಿನ ಫ್ಯಾಕ್ಟರಿಗಳ ಹೊಲಸು ನೀರಿನ ಗಲಾಟೆ ಎಷ್ಟಿತ್ತೆಂದರೆ 1995ರಲ್ಲಿ ಗುಜರಾತ್ ಹೈಕೋರ್ಟೇ ನೂರಾರು ಘಟಕಗಳನ್ನು ಮುಚ್ಚಿಸಿತು. ಹಾಗಾಗಿ ಬೋರ್‌ನ ನೀರನ್ನು ಲ್ಯಾಬಿಗೆ ಕೊಟ್ಟು ನೋಡಿ. ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಮೀರಿದರೆ ಟ್ಯಾಂಕರ್, ಟ್ಯಾಂಕರಿನ ದುಡ್ಡು ಯಾರದೆಂದು ಬರೆಯದ ಕರಾರಿನಲ್ಲಿ ಅದು ನಿಮ್ಮದೇ.

ಕಂಬಿ. ಡ್ರಾಯಿಂಗಿನಲ್ಲಿ 12 ಎಂಎಂ ಇದ್ದದ್ದು ಸೆಂಟ್ರಿಂಗ್ ಹಲಗೆಯ ಮೇಲೆ ಹತ್ತುವಾಗ 10 ಎಂಎಂ ಆಗಿರಬಹುದು. ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗೆ ಎರಡೂ ಒಂದೇ. ಆದ್ದರಿಂದ ತೂಗಿ ನೋಡಿ. ಎಂಎಂ ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ: 12ಕ್ಕೆ 0.89, 10ಕ್ಕೆ 0.62. ಎರಡೇ ಎಂಎಂನಲ್ಲಿ ಶೇಕಡಾ 30ರಷ್ಟು ಕಬ್ಬಿಣ ಮಾಯ. ಟೈಲ್ಸ್ ಸರಿಯಿಲ್ಲದಿದ್ದರೆ ಕೀಳಬಹುದು, ಬಣ್ಣ ಸರಿಯಿಲ್ಲದಿದ್ದರೆ ಕೆರೆಯಬಹುದು. ಸ್ಲ್ಯಾಬಿನೊಳಗೆ ಹೋದದ್ದನ್ನು ಮತ್ತೆ ನೋಡುವಂತಿಲ್ಲ. ಆದ್ದರಿಂದ ಕರಾರಿನಲ್ಲಿ ಒಂದೇ ಒಂದು ಸಾಲು ಬರೆಯುವಷ್ಟು ಜಾಗವಿದ್ದರೆ ಇದನ್ನು ಬರೆಯಿರಿ: ನಮ್ಮ ಕಡೆಯ ಎಂಜಿನಿಯರ್ ಕಂಬಿ ನೋಡಿ ಸಹಿ ಹಾಕದೆ ಕಾಂಕ್ರೀಟ್ ಹಾಕಿದರೆ ಆ ಕಂತು ಇಲ್ಲ. ಇದು ಬರೀ ಹೆದರಿಸುವ ಮಾತಲ್ಲ: 2001ರ ಜನವರಿ 26ರಂದು ಭೂಮಿ ನಡುಗಿದ್ದು ಕಚ್ಛಿನಲ್ಲಿ, ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಅಪಾರ್ಟ್‌ಮೆಂಟುಗಳು ಕುಸಿದು ನೂರಾರು ಜನ ಸತ್ತದ್ದು ಅಹಮದಾಬಾದಿನಲ್ಲೂ. ಕೆಳಗೆ ಪಾರ್ಕಿಂಗಿಗೆಂದು ಬರೀ ಕಂಬ ಬಿಟ್ಟು ಮೇಲೆ ಮನೆ ಏರಿಸುವ ಆಸೆ ನಿಮಗಿದ್ದರೆ ಈ ಪ್ಯಾರಾವನ್ನು ಇನ್ನೊಮ್ಮೆ ಓದಿ.

ಗಡುವು. ‘ಆರು ತಿಂಗಳು’ ಎಂದು ಬರೆಯುವ ಮುನ್ನ ಪಂಚಾಂಗ ನೋಡಿ, ಮುಹೂರ್ತಕ್ಕಲ್ಲ, ಹೋಳಿ ಹಬ್ಬಕ್ಕೆ. ಕೆಲಸದವರಲ್ಲಿ ಬಹಳಷ್ಟು ಮಂದಿ ದಾಹೋದ್, ಪಂಚಮಹಲ್ ಕಡೆಯವರು. ಹೋಳಿಗೆ ಊರಿಗೆ ಹೋದವರು ಎಂದು ಬರುತ್ತಾರೆಂಬುದು ಅವರ ಮರ್ಜಿ, ಮತ್ತು ಅದು ಅವರ ಹಕ್ಕು. ತಡವಾದರೆ ದಿನಕ್ಕೆ ಇಂತಿಷ್ಟು ದಂಡ ಎಂದು ದೊಡ್ಡ ಮೊತ್ತ ಬರೆದು ಹಿಗ್ಗಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನೀವು ಬರೆದದ್ದು ಮೇಲಿನ ಮಿತಿ ಮಾತ್ರ. ಅದರೊಳಗೆ ಎಷ್ಟು ನ್ಯಾಯವೋ ಅಷ್ಟನ್ನೇ ಕೋರ್ಟು ಕೊಡಿಸುತ್ತದೆ.

ಇಂಧನ. ಈ ಯಂತ್ರ ಓಡುವುದು ದುಡ್ಡಿನ ಮೇಲೆ; ಟ್ಯಾಂಕು ತುಂಬಿಸಿದರೆ ನಿಂತುಬಿಡುತ್ತದೆ. ಕಂತನ್ನು ತಾರೀಖಿಗೆ ಕಟ್ಟಬೇಡಿ, ಪಾಯ, ಸ್ಲ್ಯಾಬ್, ಪ್ಲಾಸ್ಟರ್ ಎಂದು ಮುಗಿದ ಕೆಲಸಕ್ಕೆ ಕಟ್ಟಿ. ನೂರಕ್ಕೆ ಐದನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಿ.

ದುರಸ್ತಿ. ಕೆಟ್ಟುಹೋದರೆ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವುದೂ ‘ಸೇವೆ’ಯೇ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ತಕರಾರು ಹುಟ್ಟಿದ ಎರಡು ವರ್ಷದೊಳಗೆ.

ಎರಡನೇ ಮಹಡಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಅದಕ್ಕೆ ಬರುವ ಹೊಸ ಕಂಟ್ರಾಕ್ಟರ್ ಮೊದಲ ಮಹಡಿಯನ್ನು ಸುತ್ತಿ ನೋಡಿ, ಗೋಡೆ ತಟ್ಟಿ, ‘ಇದನ್ನು ಯಾರು ಕಟ್ಟಿದ್ದು ಸಾಹೇಬ್?’ ಎಂದು ಕೇಳಿಯೇ ರೇಟು ಹೇಳುತ್ತಾನೆ.