ಜ್ವಾಲಾಮುಖಿಗೆ ಸುಣ್ಣಬಣ್ಣ

ಸ್ಪೇನಿನ ಕನೇರಿ ದ್ವೀಪಸಮೂಹದ ಲಾನ್ಸರೋಟೆ ದ್ವೀಪದಲ್ಲಿ ಮೊದಲ ದೊಡ್ಡ ನವೀಕರಣ ಕಾಮಗಾರಿ ಶುರುವಾದದ್ದು 1730ರ ಸೆಪ್ಟೆಂಬರ್ 1ರ ರಾತ್ರಿ. ಗುತ್ತಿಗೆದಾರ: ಜ್ವಾಲಾಮುಖಿ. ಟೆಂಡರ್ ಕರೆದಿರಲಿಲ್ಲ, ನಕ್ಷೆಗೆ ಮಂಜೂರಾತಿ ಇರಲಿಲ್ಲ, ಅಕ್ಕಪಕ್ಕದವರಿಂದ ನಿರಾಕ್ಷೇಪಣಾ ಪತ್ರ ತರುವ ಸೌಜನ್ಯವಂತೂ ಇರಲೇ ಇಲ್ಲ. ಕೆಲಸ ಮುಗಿದದ್ದು 1736ರಲ್ಲಿ. ಆರು ವರ್ಷ ಎಳೆದದ್ದು ನೋಡಿದರೆ ಅದೂ ಗುತ್ತಿಗೆದಾರರ ಕುಲಕ್ಕೇ ಸೇರಿದ್ದು ಎಂದು ಒಪ್ಪಬೇಕು. ಅಷ್ಟರಲ್ಲಿ ದ್ವೀಪದ ಸುಮಾರು ಕಾಲು ಭಾಗ, ಹಳ್ಳಿ ಹೊಲಗಳ ಸಮೇತ, ಕಪ್ಪು ನೆಲಹಾಸಿನ ಅಡಿ ಸೇರಿತ್ತು. ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ ಈ ಕಾಮಗಾರಿಯ ದಿನಚರಿ ಬರೆದಿಟ್ಟರು. ದೂರು ಕೊಡಲು ಬೇರೆ ಇಲಾಖೆ ಇರಲಿಲ್ಲವಲ್ಲ.

ಎರಡನೆಯ ನವೀಕರಣ ಮಾಡಿದವರು ರೈತರು. ಮನೆ ಹೋಗಿತ್ತು, ಹೊಲ ಹೋಗಿತ್ತು, ಉಳಿದದ್ದು ಬೂದಿ. ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಳೆ ಕಂಡರೆ ಪುಣ್ಯ ಎನ್ನುವ ನೆಲ ಅದು. ಅಳುವಷ್ಟು ಅತ್ತು ಗುದ್ದಲಿ ಹಿಡಿದರು. ಪಿಕೋನ್ ಎಂದು ಅಲ್ಲಿಯವರು ಕರೆಯುವ ಕಪ್ಪು ಬೂದಿಹರಳನ್ನು ಬಗೆದು, ಅಡಿಯ ಹಳೆಯ ಮಣ್ಣಿಗೆ ಬೇರು ತಾಗುವಷ್ಟು ಆಳದ ಗುಂಡಿ ತೋಡಿ, ಗುಂಡಿಗೊಂದು ದ್ರಾಕ್ಷಿ ಬಳ್ಳಿ ನೆಟ್ಟು, ಗಾಳಿ ಬರುವ ಕಡೆಗೆ ಅರ್ಧಚಂದ್ರಾಕಾರದ ಕಲ್ಲುಗೋಡೆ ಕಟ್ಟಿದರು. ಬೂದಿ ರಾತ್ರಿಯ ತೇವ ಹೀರಿಕೊಂಡು, ಹಗಲು ನೆಲ ಒಣಗದಂತೆ ಕಾಯಿತು. ಊರು ಸುಟ್ಟ ವಸ್ತುವೇ ಊರಿಗೆ ಅನ್ನ ಕೊಟ್ಟಿತು. ಲಾ ಹೇರಿಯಾ ಎಂಬಲ್ಲಿ ಇಂದಿಗೂ ಸಾವಿರಾರು ಗುಂಡಿಗಳಲ್ಲಿ ಮಾಲ್ವಸಿಯಾ ದ್ರಾಕ್ಷಿ ಬೆಳೆಯುತ್ತದೆ. ಆ ರೈತರಲ್ಲಿ ಒಬ್ಬರಿಗೂ ವಿನ್ಯಾಸದ ಡಿಪ್ಲೊಮಾ ಇರಲಿಲ್ಲ. 'ಕಾನ್ಸೆಪ್ಟ್' ಹೇಳಿ ಮುಂಗಡ ಇಸಿದುಕೊಂಡವರೂ ಇರಲಿಲ್ಲ.

ಮೂರನೆಯವರು ಸೆಸಾರ್ ಮನ್ರಿಕೆ. 1919ರಲ್ಲಿ ಇದೇ ದ್ವೀಪದ ಆರೆಸಿಫೆಯಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಒಂದಷ್ಟು ಕಾಲ ಇದ್ದು, 1960ರ ದಶಕದಲ್ಲಿ ಊರಿಗೆ ಮರಳಿದ ಕಲಾವಿದ. ತಾಯಿಚೆಯಲ್ಲಿ ಲಾವಾ ಹರಿದು ಕಲ್ಲಾದ ಜಾಗದಲ್ಲಿ ಮನೆ ಕಟ್ಟಲು ಹೊರಟಾಗ ಬಂಡೆಯ ನಡುವಿನಿಂದ ಒಂದು ಅಂಜೂರದ ಮರ ತಲೆ ಎತ್ತಿತ್ತಂತೆ. ಇಣುಕಿದರೆ ಕೆಳಗೆ ಟೊಳ್ಳು. ಲಾವಾದೊಳಗಿನ ಅಂಥ ಐದು ಗುಳ್ಳೆಗಳನ್ನು ಅವರು ಕೋಣೆ ಮಾಡಿಕೊಂಡರು. ಮೇಲಿನ ಕೋಣೆಯೊಂದರಲ್ಲಿ ಹೆಪ್ಪುಗಟ್ಟಿದ ಲಾವಾ ಕಿಟಕಿ ದಾಟಿ ಒಳಗೇ ಬಂದು ಕೂತಿದೆ. ಅದನ್ನು ಅವರು ಹೊರಗೆ ಹಾಕಲಿಲ್ಲ. ದ್ವೀಪದಲ್ಲಿ ಗಗನಚುಂಬಿ ಬೇಡ, ರಸ್ತೆ ಬದಿಗೆ ಜಾಹೀರಾತು ಫಲಕ ಬೇಡ, ಗೋಡೆ ಬಿಳಿಯಿರಲಿ, ಬಾಗಿಲು ಕಿಟಕಿ ಹಸಿರಿರಲಿ ಎಂದು ಹಠ ಹಿಡಿದರು. ಸೋಜಿಗವೆಂದರೆ ಆಡಳಿತದವರು ಬಹುಮಟ್ಟಿಗೆ ಕೇಳಿದರು.

ಈಗ ನಡೆಯುತ್ತಿರುವುದು ನಾಲ್ಕನೆಯ ನವೀಕರಣ. ದ್ವೀಪದ ನಡುಭಾಗದ ಯಾವುದೋ ಹಳ್ಳಿಯ ಅಂಚು. ಒಂದು ಹಳೆಯ ರೈತನ ಮನೆ. ಅದಕ್ಕೆ ಕಾಲಕಾಲಕ್ಕೆ ಬಾಲ ಜೋಡಿಸಿ ವಿಲ್ಲಾ ಮಾಡಲಾಗಿದೆ. ಐದು ಮಲಗುವ ಕೋಣೆ, ಆರು ಬಚ್ಚಲುಮನೆ. ಮಲಗುವವರಿಗಿಂತ ಮೀಯುವವರು ಹೆಚ್ಚಿರುವುದೇ ವಿಲ್ಲಾದ ಲಕ್ಷಣ. ಮಾಲೀಕರು ಹ್ಯಾಂಬರ್ಗಿನವರಿರಬಹುದು, ಮ್ಯಾಂಚೆಸ್ಟರಿನವರಿರಬಹುದು, ಮ್ಯಾಡ್ರಿಡ್ಡಿನವರೇ ಇರಬಹುದು. ವರ್ಷಕ್ಕೆ ಎರಡು ವಾರ ಬಂದು ಹೋಗುತ್ತಾರೆ. ಉಳಿದ ಐವತ್ತು ವಾರ ಮನೆ ಅವರಿಗಾಗಿ ದುಡಿಯುತ್ತದೆ. ಬಾಗಿಲ ಪಕ್ಕದಲ್ಲಿ ರಜಾ ಬಾಡಿಗೆಯ ಮನೆ ಎಂದು ಸಾರುವ 'ವಿವಿ' ಫಲಕವೂ ಇದೆ.

"ಈ ಮನೆಯಲ್ಲಿ ದ್ವೀಪದ ಆತ್ಮ ಕಾಣಿಸುತ್ತಿಲ್ಲ" ಎಂದರು ವಿನ್ಯಾಸಕಿ.

"ಹಾಕಿಸೋಣ. ಎಷ್ಟಾಗುತ್ತದೆ?" ಎಂದರು ಮಾಲೀಕರು.

ಆತ್ಮಪ್ರತಿಷ್ಠೆ ಗೋಡೆಯಿಂದ ಶುರುವಾಯಿತು. ಹೊರಗೆ ಬಿಳಿ ಬಿಟ್ಟು ಬೇರೆ ಬಣ್ಣ ಬಳಿಯುವ ಹಾಗಿಲ್ಲವಾದ್ದರಿಂದ ಪ್ರತಿಭೆಯೆಲ್ಲ ಒಳಗೆ ಹರಿಯಿತು. ಒಳಗೆ ಓಟ್ಸ್ ಗಂಜಿಯ ಬಣ್ಣ. ಸೋಫಾಕ್ಕೂ ಅದೇ, ಪರದೆಗೂ ಅದೇ, ಬಚ್ಚಲಿನ ಟವೆಲ್ಲಿಗೂ ಅದೇ. ಕೆಂಪು, ಕಪ್ಪು, ಗಂಧಕದ ಹಳದಿ ಎಲ್ಲವನ್ನೂ ಧಾರಾಳವಾಗಿ ಚೆಲ್ಲಿರುವ ಬೆಟ್ಟಗಳ ಎದುರು ಕೂತು ಈ ಬಣ್ಣ ಆರಿಸಲು ನಿಜಕ್ಕೂ ಗಟ್ಟಿ ಗುಂಡಿಗೆ ಬೇಕು. ತೂಗುದೀಪದ ಬೆತ್ತದ ಬುಟ್ಟಿಗಳು ಬಾಲಿಯಿಂದ ಬಂದವು. ಬಾಲಿಯೂ ಜ್ವಾಲಾಮುಖಿಯ ದ್ವೀಪವೇ. ಬಹುಶಃ ಅಲ್ಲಿ ಯಾವುದೋ ವಿಲ್ಲಾದಲ್ಲಿ ಈ ಹೊತ್ತಿಗೆ ಲಾನ್ಸರೋಟೆಯ ಆತ್ಮವನ್ನು ನೇತು ಹಾಕುತ್ತಿರಬೇಕು.

ಹಜಾರದ ಒಂದು ಗೋಡೆಗೆ ಲಾವಾ ಕಲ್ಲೇ ಆಗಬೇಕು ಎಂದು ತೀರ್ಮಾನವಾಯಿತು. ಕಾಂಪೌಂಡಿನಾಚೆ ಕಾಲಿಟ್ಟಲ್ಲೆಲ್ಲ ಲಾವಾ. ಆದರೆ ಅದು ಒರಟು, ಧೂಳು ಹಿಡಿಯುತ್ತದೆ, ಮಕ್ಕಳ ಮೊಣಕೈ ಕೆತ್ತುತ್ತದೆ, ಮೇಲಾಗಿ ತೀರಾ ಕಪ್ಪು. ಆದ್ದರಿಂದ ಲಾವಾದ ಫೋಟೋ ಅಚ್ಚು ಹಾಕಿದ ಪೋರ್ಸೆಲಿನ್ ಟೈಲ್ಸನ್ನು ಸ್ಪೇನಿನ ಮುಖ್ಯಭೂಮಿಯಿಂದ ಹಡಗಿನಲ್ಲಿ ತರಿಸಲಾಯಿತು. ಅಂಟಿಸಲು ಬಂದ ಸ್ಥಳೀಯ ಮೇಸ್ತ್ರಿ ಟೈಲನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಅವನ ಅಜ್ಜ ಇದೇ ಕಲ್ಲನ್ನು ಹೊಲದಿಂದ ಎತ್ತಿ ಎಸೆದು ಸೊಂಟ ಮುರಿದುಕೊಂಡವನು. ಮೊಮ್ಮಗನಿಗೆ ಅದರ ಚಿತ್ರ ಅಂಟಿಸಲು ಗಂಟೆ ಲೆಕ್ಕದಲ್ಲಿ ಕೂಲಿ. ಪ್ರಗತಿ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಮುಂದೆ ಗಾಳಿ. ದ್ವೀಪದ ಮೇಲೆ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಬೇಸಿಗೆಯಲ್ಲಿ ಅದರ ಅಬ್ಬರ ಇನ್ನೂ ಹೆಚ್ಚು. ಹಳೆಯ ಮನೆಗಳು ಅದಕ್ಕೆ ಬೆನ್ನು ಕೊಟ್ಟು ಅಂಗಳದ ಸುತ್ತ ಮುದುಡಿ ಕೂತಿದ್ದವು: ದಪ್ಪ ಗೋಡೆ, ಸಣ್ಣ ಕಿಟಕಿ. ಇದನ್ನು ಕಂಡು ವಿನ್ಯಾಸಕಿಗೆ ಮರುಕ ಹುಟ್ಟಿತು. ಪಾಪ, ಈ ಜನಕ್ಕೆ ನೋಟದ ಬೆಲೆ ಗೊತ್ತಿರಲಿಲ್ಲ! ಈಶಾನ್ಯದ ಗೋಡೆ ಒಡೆದು, ನೆಲದಿಂದ ಚಾವಣಿಯವರೆಗೆ ಗಾಜಿನ ಬಾಗಿಲು ಕೂಡಿಸಿದರು. ದೂರದಲ್ಲಿ ಸಮುದ್ರ ಕಂಡಿತು. ಬಾಗಿಲು ತೆರೆದೊಡನೆ ಸಮುದ್ರದ ಗಾಳಿ ಒಳಗೆ ಬಂದು ಮೇಜಿನ ಮೇಲಿದ್ದ ನಕ್ಷೆಯನ್ನೇ ಹಾರಿಸಿಕೊಂಡು ಹೋಯಿತು. ಗಾಳಿ ತಡೆಯಲು ಹೊರಗೆ ಇನ್ನೊಂದು ಸಾಲು ಗಾಜಿನ ಪರದೆ ಬಂತು. ಸಂಜೆಯ ಚಳಿಗೆ ಗ್ಯಾಸ್ ಹೀಟರು ಬಂತು. ಹಳೆಯ ಗೋಡೆಯೊಂದು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಮೂರು ಬಿಲ್ಲು.

ಇನ್ನು ನೀರು. ಹಿಂದಿನವರ ತಾರಸಿ, ಅಂಗಳ ಎಲ್ಲ ಒಂದೇ ಕಡೆಗೆ ಇಳಿಜಾರು. ಬಿದ್ದ ಹನಿ ನೆಲದಡಿಯ ಸಂಪಿಗೆ ಇಳಿಯಬೇಕು. ಆ ಮನೆಯವರು ಸಂಪಿನ ನೀರಿನಲ್ಲಿ ವರ್ಷ ಕಳೆಯುತ್ತಿದ್ದರು. ಹೊಸ ನಕ್ಷೆಯಲ್ಲಿ ಆ ಸಂಪು ವೈನ್ ಸೆಲ್ಲಾರ್ ಆಗಿದೆ. ಅಂಗಳದಲ್ಲಿ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳ. ಅಂದರೆ 48,000 ಲೀಟರ್ ನೀರು. ಎಲ್ಲಿಂದ? ಸಮುದ್ರದಿಂದ. 1960ರ ದಶಕದಿಂದಲೂ ದ್ವೀಪದ ನಲ್ಲಿಗಳಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರೇ. ಉಪ್ಪು ತೆಗೆಯಲು ಕರೆಂಟು ಬೇಕು. ಕರೆಂಟಿನ ಬಹುಪಾಲು ಬರುವುದು ಹಡಗಿನಲ್ಲಿ ತಂದ ತೈಲ ಸುಟ್ಟು. ಹೀಗೆ ಇಷ್ಟು ಕಷ್ಟಪಟ್ಟು ಸಿಹಿ ಮಾಡಿದ ನೀರನ್ನು ಕೊಳಕ್ಕೆ ತುಂಬಿ, ಕ್ಲೋರಿನ್ ಕಣ್ಣಿಗೆ ಒಳ್ಳೆಯದಲ್ಲವೆಂದು, ಮೂಟೆಗಟ್ಟಲೆ ಉಪ್ಪು ಸುರಿಯಲಾಯಿತು. 'ಸಾಲ್ಟ್ ವಾಟರ್ ಪೂಲ್' ಎಂದರೆ ಬಾಡಿಗೆ ಇನ್ನಷ್ಟು ಏರುತ್ತದೆ. ಸಮುದ್ರ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಅದರ ನೀರೂ ಉಪ್ಪು. ಆದರೆ ಅಲ್ಲಿ ಮೀನುಗಳಿರುತ್ತವೆ, ಊರಿನವರೂ ಇರುತ್ತಾರೆ.

ಚಳಿಗಾಲದಲ್ಲಿ ಕೊಳದ ನೀರು ತಣ್ಣಗಿರುತ್ತದೆಂದು ಅತಿಥಿಗಳ ಗೊಣಗಾಟ. ಅದಕ್ಕೊಂದು ಹೀಟ್ ಪಂಪು. ಕೂಗಳತೆಯಲ್ಲಲ್ಲದಿದ್ದರೂ ಕಾರಿನಳತೆಯಲ್ಲಿ ತಿಮನ್‌ಫಾಯಾ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಕೆಲವೇ ಮೀಟರ್ ಆಳದಲ್ಲಿ ನೂರಾರು ಡಿಗ್ರಿ ಬಿಸಿ. ಗುಂಡಿಗೆ ಒಣಪುರುಲೆ ಹಾಕಿದರೆ ತಾನೇ ಹೊತ್ತಿಕೊಳ್ಳುತ್ತದೆ. ಕೊಳವೆಗೆ ಒಂದು ಬಕೆಟ್ ನೀರು ಹೊಯ್ದರೆ ಹಬೆಯಾಗಿ ಆಕಾಶಕ್ಕೆ ಚಿಮ್ಮುತ್ತದೆ. ಮನ್ರಿಕೆ ಅಲ್ಲಿ ರೂಪಿಸಿದ ಹೋಟೆಲಿನಲ್ಲಿ ನೆಲದ ಬಿಸಿಯಲ್ಲೇ ಮಾಂಸ ಸುಡುತ್ತಾರೆ. ನಮ್ಮ ವಾಸ್ತು ಪಂಡಿತರು ಯಾರಾದರೂ ಆ ಕಡೆ ಹೋದರೆ ಒಂದೇ ದಿನಕ್ಕೆ ವೃತ್ತಿ ಬಿಟ್ಟುಬಿಡುತ್ತಾರೆ. ಅಡುಗೆಮನೆ ಆಗ್ನೇಯದಲ್ಲಿರಲಿ ಎನ್ನಲು ಅಗ್ನಿ ಒಂದು ಮೂಲೆಯಲ್ಲಿದ್ದರೆ ತಾನೇ?

ಅಗ್ನಿಯ ವಿಷಯ ಬಂದಾಗ ವಿಲ್ಲಾ ವ್ಯವಹಾರದವರು ದನಿ ತಗ್ಗಿಸುತ್ತಾರೆ. 'ಜ್ವಾಲಾಮುಖಿಯ ನೋಟ' ಎಂದು ಜಾಹೀರಾತಿನಲ್ಲಿ ಹಾಕಬಹುದು, 'ಜ್ವಾಲಾಮುಖಿ' ಎಂದಷ್ಟೇ ಹಾಕಬಾರದು. ಇದೇ ಕನೇರಿ ದ್ವೀಪಸಮೂಹದ ಲಾ ಪಾಲ್ಮಾದಲ್ಲಿ 2021ರ ಸೆಪ್ಟೆಂಬರ್ 19ರಂದು ನೆಲ ಬಾಯಿಬಿಟ್ಟಿತು. 85 ದಿನ ಉಗುಳಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ನಾಲ್ಕೂ ಕಡೆ ಲಾವಾ ಸುತ್ತುವರಿದರೂ ಒಂದು ಪುಟ್ಟ ಮನೆ ಮಾತ್ರ ಹಾಗೆಯೇ ನಿಂತಿತ್ತು. ಅದನ್ನು ಪವಾಡದ ಮನೆ ಎಂದು ಲೋಕವೆಲ್ಲ ಕೊಂಡಾಡಿತು. ಕೆಲವೇ ದಿನಗಳಲ್ಲಿ ಲಾವಾ ಅದನ್ನೂ ಮುಗಿಸಿತು. ಇತ್ತ ಬೆಟ್ಟ ಕೆಂಪಗೆ ಉರಿಯುತ್ತಿರುವಾಗಲೇ ಅದನ್ನು ನೋಡಲೆಂದು ಪ್ರವಾಸಿಗರು ಬಂದಿಳಿದರು. ಮನೆಗೆ ಬೆಂಕಿ ಬಿದ್ದರೆ ಬೀಡಿ ಹಚ್ಚಿಕೊಳ್ಳುವವರು ನಮ್ಮಲ್ಲಿ ಮಾತ್ರ ಇದ್ದಾರೆ ಎಂದು ಯಾರೂ ಜಂಬ ಪಡಬೇಕಾಗಿಲ್ಲ.

ಮನ್ರಿಕೆಗೆ ಇದೆಲ್ಲ ಮೊದಲೇ ಕಂಡಿತ್ತು. 1980ರ ದಶಕದಲ್ಲಿ ಹೋಟೆಲುಗಳು ತೀರವನ್ನು ಮುಕ್ಕತೊಡಗಿದಾಗ, ಸಾಕು, ಇಲ್ಲಿಗೆ ನಿಲ್ಲಿಸಿ ಎಂದು ಬಹಿರಂಗವಾಗಿ ಕೂಗಾಡಿದರು. 1992ರಲ್ಲಿ ತಾಯಿಚೆಯ ಮನೆಯ ಬಳಿಯೇ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಯುನೆಸ್ಕೊ ದ್ವೀಪವನ್ನು ಜೀವಗೋಳ ಮೀಸಲು ಪ್ರದೇಶವೆಂದು ಸಾರಿತು. ಬದುಕಿದ್ದಾಗ ತಲೆನೋವಾಗಿದ್ದವರು ಸತ್ತ ಮೇಲೆ ತುಂಬ ಉಪಯೋಗಕ್ಕೆ ಬರುತ್ತಾರೆ. ಅವರ ಜನ್ಮ ಶತಮಾನೋತ್ಸವದ ವರ್ಷ, 2019ರಲ್ಲಿ, ದ್ವೀಪದ ಕೃತಜ್ಞತೆ ಉಕ್ಕಿ ಹರಿದು ಅವರ ಹೆಸರನ್ನು ವಿಮಾನ ನಿಲ್ದಾಣಕ್ಕೇ ಇಟ್ಟಿತು. ಜನ ಬಂದದ್ದು ಸಾಕು ಎಂದವರ ಹೆಸರಿನ ಕೆಳಗೆ ಈಗ ದಿನವೂ ಸಾವಿರಾರು ಜನ ಸೂಟ್‌ಕೇಸು ಎಳೆದುಕೊಂಡು ಹಾದುಹೋಗುತ್ತಾರೆ. ನಮ್ಮ ವಿಲ್ಲಾದ ಹಜಾರದ ಮೇಜಿನ ಮೇಲೂ ಮನ್ರಿಕೆಯ ಬಗೆಗಿನ ದಪ್ಪ ಪುಸ್ತಕವೊಂದಿದೆ. ಅದರ ಬೆನ್ನಿನ ಬಣ್ಣ ಸೋಫಾಕ್ಕೆ ಹೊಂದುತ್ತದೆಯೇ ಎಂದು ನೋಡಿಯೇ ತಂದದ್ದು.

ನವೀಕರಣ ಮುಗಿಯಿತು. ಡ್ರೋನ್ ಫೋಟೋ ತೆಗೆದಾಯಿತು. ಬಾಡಿಗೆ ಇಮ್ಮಡಿಯಾಯಿತು. ಬಾಗಿಲ ಬಳಿ ನಂಬರು ಒತ್ತಿದರೆ ತೆರೆಯುವ ಬೀಗದ ಪೆಟ್ಟಿಗೆ ಕೂತಿತು. ಅತಿಥಿಗಳು ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ಯಾರ ಮುಖವನ್ನೂ ನೋಡದೆ ಹೊರಗೆ ಬರಬಹುದು. ಇಂಥ ಮನೆಗಳು ಕನೇರಿಯಲ್ಲಿ ಎಷ್ಟು ಹೆಚ್ಚಾಗಿವೆಯೆಂದರೆ, ಊರವರಿಗೆ ವರ್ಷದ ಬಾಡಿಗೆಗೆ ಮನೆ ಸಿಗುವುದೇ ದುರ್ಲಭವಾಗಿದೆ. ಸುಮಾರು 22 ಲಕ್ಷ ಜನವಸತಿಯ ದ್ವೀಪಗಳಿಗೆ 2024ರಲ್ಲಿ ಬಂದ ಪ್ರವಾಸಿಗರು 1.7 ಕೋಟಿಗೂ ಮಿಕ್ಕಿ. ಅದೇ ವರ್ಷ ಏಪ್ರಿಲ್ 20ರಂದು ಕನೇರಿಗೂ ಒಂದು ಮಿತಿಯಿದೆ ಎಂದು ಜನ ದ್ವೀಪದ್ವೀಪಗಳಲ್ಲಿ ಬೀದಿಗಿಳಿದರು. ಕೆಲಸವಿದ್ದೂ ಸೂರಿಲ್ಲದೆ ವ್ಯಾನಿನಲ್ಲಿ, ಕಾರಿನಲ್ಲಿ ಮಲಗುವವರ ಕಥೆಗಳು ಅಂದು ಹೊರಬಂದವು.

ಮಾಲೀಕರಿಗೆ ಮೆರವಣಿಗೆಯಿಂದ ನೋವಾಯಿತು. ದ್ವೀಪಕ್ಕಾಗಿ ತಾವು ಏನೆಲ್ಲ ಮಾಡಲಿಲ್ಲ! ಗಾಜು ಹಾಕಿಸಿದರು, ಕೊಳ ತೋಡಿಸಿದರು, ಆತ್ಮವನ್ನು ಕೂಡ ಬಾಲಿಯಿಂದ ತರಿಸಿದರು. ಅದಕ್ಕಿಂತ ದೊಡ್ಡ ನೋವು ಶನಿವಾರದ್ದು. ಒಂದು ತಂಡ ಹೊರಟು ಇನ್ನೊಂದು ತಂಡ ಬರುವ ನಡುವಿನ ಐದು ಗಂಟೆಯಲ್ಲಿ ಆರು ಬಚ್ಚಲು ತೊಳೆಯಲು ಆಳು ಸಿಗುತ್ತಿಲ್ಲ. ಮೊದಲು ಬರುತ್ತಿದ್ದ ಹೆಂಗಸಿಗೆ ಹತ್ತು ವಿಲ್ಲಾಗಳ ಬೀಗದ ನಂಬರು ಬಾಯಿಪಾಠವಿತ್ತು. ತನ್ನದೊಂದು ಬಾಡಿಗೆ ಮನೆ ಮಾತ್ರ ಎಲ್ಲೂ ಸಿಗದೆ ಆಕೆ ದ್ವೀಪವನ್ನೇ ಬಿಟ್ಟು ಹೋದಳು. ಈ ಊರಿನ ಜನಕ್ಕೆ ದುಡಿಯುವ ಮನಸ್ಸಿಲ್ಲ ಎಂದು ಮಾಲೀಕರು ಫೋನಿನಲ್ಲಿ ನಿಟ್ಟುಸಿರಿಟ್ಟರು. ವಿನ್ಯಾಸಕಿ ಸಮಾಧಾನ ಹೇಳಿ, ಹಿತ್ತಿಲಿನಲ್ಲಿ ಒಂದು ಹಳೆಯ ಮೇಕೆ ಕೊಟ್ಟಿಗೆ ಹಾಳು ಬಿದ್ದಿರುವುದನ್ನು ನೆನಪಿಸಿದರು.

"ಕೆಲಸದವರು ಉಳಿಯಲು ಒಂದು ಕೋಣೆ ಮಾಡಿಸೋಣವೇ?"

"ಒಳ್ಳೆಯ ಯೋಚನೆ" ಎಂದರು ಮಾಲೀಕರು. "ಆದರೆ ಆ ಜಾಗದಿಂದಲೂ ಸಮುದ್ರ ಕಾಣುತ್ತದಲ್ಲ? ಹಾಗಾದರೆ ಆರನೆಯ ಸೂಟ್ ಮಾಡಿಬಿಡಿ."