ಸೋಮವಾರದ ಎದೆ

ಸ್ವಲ್ಪ ಹತ್ತಿರ ಬನ್ನಿ, ಒಂದು ವಿಷಯ ಕೇಳ್ತೀನಿ. ಬಾತ್‌ರೂಮಿನ ಬಾಗಿಲು ಹಾಕ್ಕೊಂಡು, ಅಂಗಿ ತೆಗೆದು, ಕನ್ನಡಿ ಮುಂದೆ ನಿಂತು ಎದೆ ಉಬ್ಬಿಸಿ ನೋಡ್ಕೊಂಡಿದ್ದೀರೋ ಇಲ್ವೋ? ಸುಳ್ಳು ಹೇಳ್ಬೇಡಿ. ಎದೆ ಉಬ್ಬಿತೋ, ಹೊಟ್ಟೆ ಒಳಗೆ ಹೋಯ್ತೋ ಅಂತ ತೀರ್ಮಾನ ಆಗೋದ್ರೊಳಗೆ ಉಸಿರು ಮುಗೀತು, ಎಲ್ಲಾ ಮತ್ತೆ ಅದರದರ ಜಾಗಕ್ಕೆ ಬಂದು ಕೂತ್ಕೊಂಡ್ತು. (ಹೊರಗಿನಿಂದ ಮನೆಯವರು "ಗೀಸರ್ ಆಫ್ ಮಾಡಿದ್ರಾ?" ಅಂತ ಕೂಗಿದ್ದೂ ಸರಿಯಾಗಿ ಆಗಲೇ.)

ನಾಚ್ಕೋಬೇಡಿ, ರಾಮಕೃಷ್ಣನಗರದಲ್ಲಿ ನೀವೊಬ್ರೇ ಅಲ್ಲ. ಆಂದೋಲನ ಸರ್ಕಲ್ ಕಡೆಯಿಂದ ಲಿಂಗಾಂಬುಧಿ ಕೆರೆಗೆ ವಾಕಿಂಗ್ ಹೋಗೋ ಗಂಡಸರನ್ನ ಒಂದ್ಸಲ ಗಮನಿಸಿ. ಎದುರಿಗೆ ಯಾರೂ ಇಲ್ಲದಾಗ ಹೊಟ್ಟೆ ಮುಂದೆ, ಗೂನು ಹಿಂದೆ. ಪರಿಚಯದವರು ಕಂಡ್ರೋ, ಎದೆ ಸೆಟೆಯುತ್ತೆ. ಅವರು ದಾಟಿ ಹತ್ತು ಹೆಜ್ಜೆ ಆಯ್ತೋ ಇಲ್ವೋ, ಟೈರು ಪಂಕ್ಚರ್. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯವರ ನೆನಪಿಗೆ ಕಟ್ಟಿಸಿದ ಕೆರೆ ಕಣ್ರೀ ಅದು, ನಮ್ಮ ಈ ಗಾಳಿ ತುಂಬೋ ನಾಟಕ ನೋಡ್ಲಿ ಅಂತಲ್ಲ.

ಆಮೇಲೆ ಒಂದು ದಿನ ಜಿಮ್ಮಿಗೆ ಸೇರ್ತೀರಿ. ಕಾರಣ ಲಿಪಿಡ್ ರಿಪೋರ್ಟೋ, ಭಾಮೈದನ ಮದುವೆಯೋ, ಎಸ್ಸೆಸ್ಸೆಲ್ಸಿ ಬ್ಯಾಚಿನವರ ಗೆಟ್‌ಟುಗೆದರೋ, ಅದು ನಿಮಗೂ ನಿಮ್ಮ ವಾಟ್ಸಾಪಿಗೂ ಬಿಟ್ಟಿದ್ದು. ತಿಂಗಳ ಫೀಸು ಕಟ್ಟಿದ್ರೆ ಲುಕ್ಸಾನು ಅಂತ ವರ್ಷದ್ದೇ ಕಟ್ತೀರಿ. ಒಂದು ಸೈಜು ಚಿಕ್ಕದಾದ ಟೀಶರ್ಟು ತಗೋತೀರಿ. ಶುರು ಮಾಡೋ ದಿನ ಯಾವುದು? ಸೋಮವಾರ. ಮಾಡೋದೇನು? ಎದೆ. ಮತ್ತಿನ್ನೇನು?

ಸೋಮವಾರ ಬೆಳಗ್ಗೆ ಆರೂವರೆಗೆ ಬೆಂಚ್ ಪ್ರೆಸ್ ಮುಂದೆ ರೇಷನ್ ಅಂಗಡಿ ಮುಂದಿನಷ್ಟು ಜನ. ಪಕ್ಕದಲ್ಲೇ ಬೆನ್ನಿನ ಮೆಷಿನ್ನು ಬಿಕೋ ಅಂತಿರುತ್ತೆ, ಅದರ ಮೇಲೆ ಯಾರೋ ಟವೆಲ್ ಒಣಗಹಾಕಿರ್ತಾರೆ.

ಯಾಕೆ ಹೇಳಿ? ನನಗನ್ಸೋದು, ತಪ್ಪು ನಮ್ಮದಲ್ಲ, ಭಾಷೆದು. ಕನ್ನಡದಲ್ಲಿ ಗಂಡಸುತನವೆಲ್ಲ ಎದೇಲೇ ಇಟ್ಟುಬಿಟ್ಟಿದ್ದಾರೆ. ಎದೆಗಾರ, ಎದೆಗಾರಿಕೆ, ಎದೆ ತಟ್ಟಿ ಹೇಳೋದು, ಎದೆ ಕೊಟ್ಟು ನಿಲ್ಲೋದು. ಬೆನ್ನಿಗೆ ಉಳಿದಿದ್ದೇನು? ಬೆನ್ನಿಗೆ ಚೂರಿ, ಬೆನ್ನು ತೋರಿಸಿ ಓಡೋದು. ಬೆನ್ನು ತಟ್ಟೋದು ಅಂತ ಒಂದು ಒಳ್ಳೇದಿದೆ, ಅದಕ್ಕೂ ಬೇರೆಯವರೇ ಬರಬೇಕು. ಸಾಲದ್ದಕ್ಕೆ ಬೆನ್ನು ಕನ್ನಡೀಲೂ ಕಾಣಲ್ಲ. ಕಾಣದೇ ಇರೋದಕ್ಕೆ ನೀವು ಯಾವತ್ತು ಬೆವರು ಸುರಿಸಿದ್ದೀರಿ ಸ್ವಾಮಿ?

ನನ್ನ ಕಥೆ ಹೇಳ್ಬಿಡ್ತೀನಿ, ನಿಮ್ಮದು ಆಮೇಲೆ ಹೇಳೋರಂತೆ. ಎರಡನೇ ವಾರ. ಪಕ್ಕದ ಬೆಂಚಿನಲ್ಲಿ ಪಿಯುಸಿ ಹುಡುಗ ಒಬ್ಬ ನಿದ್ದೆಗಣ್ಣಲ್ಲೇ 60 ಕೆಜಿ ಎತ್ತಿ ಎತ್ತಿ ಇಳಿಸ್ತಿದ್ದ. ನಾನೂ 60 ಹಾಕ್ಕೊಂಡೆ. ರಾಡು 20, ಆ ಕಡೆ 20, ಈ ಕಡೆ 20. ಮೊದಲನೇದು ಎದ್ದಿತು. ಎರಡನೇದು ಇಳೀತು, ಮಾವನ ಮನೆಗೆ ಬಂದ ಅಳಿಯನ ಹಾಗೆ ಎದೆ ಮೇಲೆ ಕೂತೇಬಿಡ್ತು.

ಮೇಲೆ ಫ್ಯಾನು. ಅದರ ಮೂರು ರೆಕ್ಕೆಯ ಅಂಚಿಗೂ ಅಂಟಿದ್ದ ಧೂಳಿನ ಕಪ್ಪು ಗೆರೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಪೀಕರಿನಲ್ಲಿ ಯಾವುದೋ ಪಂಜಾಬಿ ಹಾಡು. ಕಾಪಾಡಿ ಅಂತ ಕೂಗೋಕೂ ಎದೆಗಾರಿಕೆ ಬೇಕು, ನನ್ನ ಎದೆ ಅಷ್ಟೊತ್ತಿಗೆ ಬೇರೆ ಕೆಲಸದಲ್ಲಿ ಬಿಜಿ ಇತ್ತು. ಆ ಹುಡುಗನೇ ಬಂದ. ಕಿವಿಯಿಂದ ಇಯರ್‌ಫೋನೂ ತೆಗೀಲಿಲ್ಲ, ರಾಡು ಎತ್ತಿ ಸ್ಟ್ಯಾಂಡಿಗೆ ಇಟ್ಟು, "ಅಂಕಲ್, ಮೊದ್ಲು ಬರೀ ರಾಡ್ ಮಾಡಿ ಅಂಕಲ್" ಅಂದ. (60 ಕೆಜಿಗಿಂತ ಆ ಎರಡನೇ ಅಂಕಲ್ಲೇ ಭಾರ ಇತ್ತು.)

ಈಗ ನೀವು ನಗ್ತಿದ್ದೀರಿ. ನಗಿ ನಗಿ. ನಾವು ಮೈಸೂರಿನವರಾಗಿ ಈ ವಿದ್ಯೆಯನ್ನ ಪಿಯುಸಿ ಹುಡುಗನಿಂದ ಕಲೀಬೇಕಿತ್ತಾ? ವರ್ಷಾ ವರ್ಷ ದಸರಾಕ್ಕೆ ಕಣ್ಣೆದುರಿಗೇ ನಡೆಯುತ್ತಲ್ಲ! ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆಗೆ ಬರ್ತವೆ. ಬಂದ ದಿನವೇ ಯಾರಾದ್ರೂ ಬೆನ್ನ ಮೇಲೆ 750 ಕೆಜಿಯ ಚಿನ್ನದ ಅಂಬಾರಿ ಇಡ್ತಾರಾ? ಮೊದಲು ಧನ್ವಂತರಿ ರಸ್ತೆಯ ವೇಬ್ರಿಡ್ಜ್ ಮೇಲೆ ತೂಕ. ಆಮೇಲೆ ಬನ್ನಿಮಂಟಪದವರೆಗೆ ಬರೀ ನಡಿಗೆ. ಆಮೇಲೆ ನಮ್ದಾ, ಗಾದಿ ಕಟ್ಟಿ ಮರಳಿನ ಮೂಟೆ. ಇವತ್ತಿಷ್ಟು, ಇನ್ನೊಂದು ದಿನ ಇನ್ನಷ್ಟು. ಆಮೇಲೆ ಮರದ ಅಂಬಾರಿ. ಚಿನ್ನದ್ದು ವಿಜಯದಶಮಿಗೆ.

ಲೆಕ್ಕ ಹಾಕಿ ನೋಡಿ. ಸುಮಾರು ಐದು ಟನ್ ತೂಗೋ ಆನೆಗೆ 750 ಕೆಜಿ ಅಂದ್ರೆ ನೂರಕ್ಕೆ ಹದಿನೈದು. ನಿಮ್ಮ 80 ಕೆಜಿ ಮೈಗೆ ಅದೇ ದರದಲ್ಲಿ 12 ಕೆಜಿ ಬರುತ್ತೆ. ಜಿಮ್ಮಿನ ಖಾಲಿ ರಾಡೇ 20! ಅಂದ್ರೆ ವಾರಗಟ್ಟಲೆ ತಯಾರಿ ಮಾಡೋ ಆನೆಗಿಂತ ಜಾಸ್ತಿ ಪಾಲನ್ನ ನೀವು ಮೊದಲ ಸೋಮವಾರವೇ ಎತ್ತೋಕೆ ಹೊರಟಿದ್ರಿ. (ಆನೆ ಹೊರುತ್ತೆ, ನಾವು ಎತ್ತೋದು, ಎರಡೂ ಒಂದೇ ಅಲ್ಲ ಅಂತ ನಿಮ್ಮೊಳಗಿನ ಮೇಷ್ಟ್ರು ಗೊಣಗ್ತಿದ್ದಾರೆ. ಒಪ್ಪಿದೆ. ಬುದ್ಧಿಯ ಲೆಕ್ಕ ಹೇಳ್ತಿದ್ದೀನಿ, ಭೌತಶಾಸ್ತ್ರದ್ದಲ್ಲ.)

2020ರಲ್ಲಿ ಮೊದಲ ಸಲ ಚಿನ್ನದ ಅಂಬಾರಿ ಹೊತ್ತನಲ್ಲ ಅಭಿಮನ್ಯು, ಅವನು ಅದಕ್ಕೂ ಮುಂಚೆ ವರ್ಷಗಟ್ಟಲೆ ಏನ್ ಮಾಡ್ತಿದ್ದ ಗೊತ್ತಾ? ಅದೇ ಮೆರವಣಿಗೇಲಿ ವಾದ್ಯದ ಗಾಡಿ ಎಳೀತಿದ್ದ. ಎಳೆಯೋದು ಮೊದಲು, ಮೆರೆಯೋದು ಆಮೇಲೆ. ನೀವು ಮಾಡೋದು ಬರೀ ತಳ್ಳೋದು.

ತಳ್ಳೋದಷ್ಟನ್ನೇ ಮಾಡಿದ್ರೆ ಏನಾಗುತ್ತೆ ಅಂತ ಹೇಳ್ತೀನಿ, ಕೇಳಿ. ಎದೆಯ ದೊಡ್ಡ ಸ್ನಾಯು ಬೀಸಣಿಗೆ ಇದ್ದ ಹಾಗೆ. ಕಾಲರ್ ಬೋನಿನಿಂದ, ಎದೆಯ ನಡುಮೂಳೆಯಿಂದ, ಪಕ್ಕೆಲುಬಿನ ಕಡೆಯಿಂದ ಎಳೆ ಎಳೆಯಾಗಿ ಹೊರಟು, ಎಲ್ಲಾ ಸೇರಿ ತೋಳಿನ ಮೂಳೆಗೆ ಹೋಗಿ ಅಂಟ್ಕೊಳ್ಳುತ್ತೆ. ಅದರ ಮುಖ್ಯ ಕೆಲಸವೇ ತೋಳನ್ನ ಮೈ ಮುಂದಕ್ಕೆ ತಂದು ಅಪ್ಪಿಕೊಳ್ಳೋದು. (ನಮ್ಮ ಕಡೆ ಗಂಡಸರು ಅಪ್ಪಿಕೊಳ್ಳೋದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಏರ್‌ಪೋರ್ಟಿನಲ್ಲಿ. ಸ್ನಾಯು ಸೊರಗದೆ ಇನ್ನೇನಾಗುತ್ತೆ?) ಅದನ್ನೊಂದನ್ನೇ ಬಿಗಿ ಮಾಡ್ತಾ ಹೋಗಿ ಬೆನ್ನನ್ನ ಸಡಿಲ ಬಿಟ್ರೆ ಭುಜ ಮುಂದಕ್ಕೆ ಬಾಗೋ ಹಾದಿ ಹಿಡಿಯುತ್ತೆ. ಮೊಬೈಲು, ಸ್ಕೂಟರು, ಆಫೀಸ್ ಕಂಪ್ಯೂಟರು ಮೊದಲೇ ಅರ್ಧ ಕೆಲಸ ಮುಗಿಸಿರ್ತವೆ. ಮಾಂಸ ಬೆಳೀತು, ಎದೆ ಮಾತ್ರ ಒಳಗೇ ಉಳೀತು.

ಅದಕ್ಕೇ ತಳ್ಳಿದಷ್ಟು ಎಳೀರಿ, ಬೇಕಾದ್ರೆ ಒಂದು ಸೆಟ್ ಜಾಸ್ತಿನೇ. ಡಂಬೆಲ್ ರೋ ಅಂತಾರಲ್ಲ, ಬಗ್ಗಿ ನಿಂತು ಬಾವಿಯಿಂದ ಕೊಡ ಸೇದಿದ ಹಾಗೆ ಸೊಂಟದ ಕಡೆಗೆ ಎಳೆಯೋದು, ಅದು. ಬೆಂಚಿನ ಮೇಲೆ ಮಲಗಿದಾಗಲೂ ಅಷ್ಟೇ. ಬೆನ್ನಿನ ಎರಡು ರೆಕ್ಕೆಮೂಳೆ ನಡುವೆ ನಿಂಬೆಹಣ್ಣು ಹಿಂಡೋ ಹಾಗೆ ಹಿಂದಕ್ಕೆ ಒತ್ತಿ ಹಿಡೀರಿ. ಮೊಣಕೈ ಜಟಾಯು ರೆಕ್ಕೆ ಹಾಗೆ ಪೂರ್ತಿ ಅಗಲ ಬೇಡ, ಪಕ್ಕೆಗೆ ಅಂಟಿಸೋದೂ ಬೇಡ, ನಡುವೆ ಇರಲಿ. ಹೆಬ್ಬೆರಳು ರಾಡಿನ ಸುತ್ತ ಬರಲಿ. ಭಾರ ಹಾಕೋ ದಿನ ತಲೆ ಹತ್ತಿರ ಒಬ್ಬರು ನಿಂತಿರಲಿ (ಪಿಯುಸಿ ಹುಡುಗ ಆದ್ರೂ ಸರಿ, ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ).

ಇನ್ನು "ತುಂಬಿದ ಎದೆ" ಅಂತೀರಲ್ಲ, ನಿಮ್ಮದು ತುಂಬಿರೋದು ಎಲ್ಲಿ? ಕೆಳಗೆ ಮಾತ್ರ, ಅಲ್ವಾ? ಕಾಲರ್ ಬೋನಿನ ಕೆಳಗೆ ಬೇಸಿಗೆಯ ಕೆರೆ ಅಂಗಳದ ಹಾಗೆ ಬಟಾಬಯಲು. ಸದಾ ಚಪ್ಪಟೆ ಬೆಂಚಲ್ಲೇ ಮಲಗಿದ್ರೆ ಹೀಗೇ. ಬೆಂಚಿನ ತಲೆ ಕಡೆಯನ್ನ 30 ಡಿಗ್ರಿ ಎತ್ತರಿಸಿ, ಆರಾಮ ಕುರ್ಚೀಲಿ ಪೇಪರ್ ಓದೋಕೆ ಒರಗಿದ್ದಕ್ಕಿಂತ ಸ್ವಲ್ಪ ಮಲಗಿದ ಹಾಗೆ. ಚಾಮುಂಡಿ ಬೆಟ್ಟದ ಮೆಟ್ಟಿಲಿನಷ್ಟು ಏರು ಮಾಡ್ಕೊಂಡ್ರೆ ಕೆಲಸ ಭುಜ ಹೊಡ್ಕೊಂಡು ಹೋಗುತ್ತೆ, ಎದೆ ಕೂತು ನೋಡುತ್ತೆ. ದಿನ ಶುರುವಾಗೋದೇ ಈ ಓರೆ ಬೆಂಚಿನಿಂದ ಆಗಲಿ, ಶಕ್ತಿ ಇದ್ದಾಗ ಬಡವನಿಗೆ ಮೊದಲು ಬಡಿಸಬೇಕು.

ಎಡ, ಬಲದ ವಿಷಯ ಇನ್ನೂ ಗುಟ್ಟಿನದು. ರಾಡು ಅನ್ನೋದು ಗಂಡ ಹೆಂಡತಿಯ ಜಾಯಿಂಟ್ ಅಕೌಂಟ್ ಇದ್ದ ಹಾಗೆ, ಯಾರು ಎಷ್ಟು ಹಾಕಿದ್ರು ಅಂತ ಪಾಸ್‌ಬುಕ್ಕಲ್ಲಿ ಗೊತ್ತಾಗಲ್ಲ. ಬಲಗೈ ದುಡಿಯುತ್ತೆ, ಎಡಗೈ ಜೊತೆಗೆ ಹೋಗಿ ಬರುತ್ತೆ. ಡಂಬೆಲ್ ಕೊಟ್ಟು ನೋಡಿ, ಬಂಡವಾಳ ಬಯಲು. ಒಂದೊಂದೇ ಕೈಯಲ್ಲಿ ಮಾಡಿ, ಎಡಗೈನಿಂದ ಶುರು ಮಾಡಿ, ಅದು ಎಂಟು ಅಂದ್ರೆ ಬಲಗೈಗೂ ಎಂಟೇ. ಹನ್ನೆರಡು ಮಾಡ್ತೀನಿ ಅಂತ ಬಲಗೈ ಎಗರಾಡುತ್ತೆ, ಬಿಡಬೇಡಿ.

ಮತ್ತೆ ದಯವಿಟ್ಟು ಪೂರ್ತಿ ಇಳಿಸಿ. ಬೋರ್ಡಿನಲ್ಲಿ ರಾಮಕೃಷ್ಣನಗರ ಅಂತ ಹಾಕ್ಕೊಂಡು ಕುವೆಂಪುನಗರದಲ್ಲೇ ತಿರುಗಿಸಿದ್ರೆ ಆ ಬಸ್ಸಿಗೆ ಏನಂತೀರಿ? ನಿಮ್ಮ ಅರ್ಧಂಬರ್ಧ ರೆಪ್ಪೂ ಅದೇ. ಎರಡು ಮೂರು ಸೆಕೆಂಡು ತಗೊಂಡು ಇಳಿಸಿ, ಉಸಿರು ಬಿಡ್ತಾ ಎತ್ತಿ. (ಬಿಪಿ ಇರೋರು ಉಸಿರು ಕಟ್ಟಿ ತಿಣುಕಬೇಡಿ, ಮೊದಲು ಡಾಕ್ಟರ ಹತ್ರ ಒಂದು ಮಾತು ಕೇಳಿ.) ಒಂದು ಸೆಟ್ಟಿಗೆ ಎಂಟರಿಂದ ಹನ್ನೆರಡು, ವಾರಕ್ಕೆ ಎರಡು ಸಲ, ನಡುವೆ ಎರಡು ದಿನ ಬಿಡುವು. ಹನ್ನೆರಡು ಸಲೀಸಾದ ಮೇಲೆ ಎರಡೂವರೆ ಕೆಜಿ ಜಾಸ್ತಿ. ಮರಳಿನ ಮೂಟೆ ನೆನಪಿರಲಿ.

"ನಾವು ರಾಮಕೃಷ್ಣ ಪರಮಹಂಸರ ಹೆಸರಿನ ಬಡಾವಣೆಯವರು, ನಮಗ್ಯಾಕೆ ಈ ದೇಹದ ವ್ಯಾಮೋಹ?" ಅಂತ ಜಾರ್ಕೋತೀರಾ? ಪಕ್ಕದಲ್ಲೇ ವಿವೇಕಾನಂದನಗರ ಇದೆ ಸ್ವಾಮಿ. ಪರಮಹಂಸರ ಶಿಷ್ಯ ಆ ವಿವೇಕಾನಂದರು 1897ರಲ್ಲಿ ಮದ್ರಾಸಿನ ಹುಡುಗರಿಗೆ ಹೇಳಿದ್ದೇ ತೋಳಲ್ಲಿ ಸ್ವಲ್ಪ ಬಲ ಬಂದ್ರೆ ಗೀತೆ ಇನ್ನೂ ಚೆನ್ನಾಗಿ ತಲೆಗೆ ಹತ್ತುತ್ತೆ ಅನ್ನೋ ಅರ್ಥದ ಮಾತು. ಸಾಹಿತ್ಯದ ನೆಪ ಹೇಳೋರಿಗೂ ದಾರಿ ಇಲ್ಲ. 'ಶಾಂತಲಾ', 'ರೂಪದರ್ಶಿ' ಬರೆದ ಕೆ.ವಿ. ಅಯ್ಯರ್ ಯಾರು ಅಂದ್ಕೊಂಡ್ರಿ? ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ದ ಕಟ್ಟುಮಸ್ತಾದ ಆಸಾಮಿ, ಕೈಲಾಸಂ ಗೆಳೆಯ. ಈಗಿನವರು ಆನ್‌ಲೈನ್ ಕೋಚಿಂಗ್ ಅಂತ ಬೀಗ್ತಾರೆ, ಅಯ್ಯರ್ ಆ ಕಾಲಕ್ಕೇ ಅಂಚೆ ಮೂಲಕ ದೇಹ ಬೆಳೆಸೋ ಪಾಠ ಕಳಿಸ್ತಿದ್ರು. ಅವರ ಪದ್ಧತಿಯಲ್ಲಿ ಭಾರ ಎತ್ತೋದರ ಜೊತೆಗೇ ಆಸನ, ಸೂರ್ಯನಮಸ್ಕಾರ. ಒಂದರಲ್ಲಿ ಮುಂದಕ್ಕೆ ತಳ್ಳಿದ್ದನ್ನ ಇನ್ನೊಂದರಲ್ಲಿ ಬಿಚ್ಚಿ ಹಿಂದಕ್ಕೆ ಬಾಗಿಸೋದು.

ನಮ್ಮ ಬೀದಿ ಕೊನೇಲಿ ಒಬ್ಬರು ಹಿರಿಯರಿದ್ದಾರೆ, ಚಿಕ್ಕಂದಿನಲ್ಲಿ ಕೋಟೆ ಕಡೆ ಗರಡೀಲಿ ಮಟ್ಟಿ ಅಗೆದು, ದಂಡ, ಬಸ್ಕಿ ಹೊಡೆದವರು. ಅವರಿಗೀಗ ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಗರುಡಗಂಬ. "ನಿಮ್ಮ ಜಿಮ್ಮಲ್ಲಿ ಗೋಡೆ ತುಂಬ ಕನ್ನಡಿಯಂತಲ್ಲೋ? ನಮ್ಮ ಗರಡೀಲಿ ಕೈಯಗಲದ್ದು ಒಂದೇ ಇತ್ತು, ತಲೆ ಬಾಚೋಕೆ" ಅಂದ್ರು. ಆಮೇಲೆ ನನ್ನ ಹಿಂದೆ ಬಂದು ಎರಡು ಬೆರಳಲ್ಲಿ ಬೆನ್ನು ಒತ್ತಿ ನೋಡಿ, "ಇಲ್ಲಿ ಏನೂ ಇಲ್ವಲ್ಲೋ ಮಗ, ಎದೆ ಎಲ್ಲಿ ನಿಲ್ಲುತ್ತೆ?" ಅಂದ್ಬಿಟ್ರು.

ಊಟದ ಮಾತು ಎತ್ತಲೇಬೇಕಾ? ಮೂರು ಸೆಟ್ ಮಾಡಿ ಒಂದು ಸೆಟ್ ದೋಸೆ ತಿಂತೀರಿ, ಬೆಣ್ಣೆ ಜಾಸ್ತಿ ಹಾಕಪ್ಪ ಅಂತೀರಿ, ಸಂಜೆ ಮೈಸೂರು ಪಾಕು. ಭಾರ ಎತ್ತೋರಿಗೆ ಮೈತೂಕದ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಇದ್ರೆ ಒಳ್ಳೇದು ಅಂತಾರೆ, 70 ಕೆಜಿಯವರಿಗೆ 112 ಗ್ರಾಂ ಆಯ್ತು. ಒಂದು ಮೊಟ್ಟೇಲಿ ಆರು ಗ್ರಾಂ. ನೂರು ಗ್ರಾಂ ಹುರುಳೀಲಿ ಇಪ್ಪತ್ತರ ಮೇಲೆ, ಕಡಲೆಕಾಯಿ ಬೀಜದಲ್ಲಿ ಇಪ್ಪತ್ತೈದರ ಹತ್ತಿರ. (ದಸರಾ ಆನೆಗೂ ಬೇಯಿಸಿದ ಹೆಸರುಕಾಳು, ಉದ್ದು ಹಾಕ್ತಾರೆ, ಗಮನಿಸಿ. ಕಿಡ್ನಿ ತೊಂದರೆ ಇದ್ದವರು ಈ ಲೆಕ್ಕ ಡಾಕ್ಟರಿಗೆ ಬಿಡಿ.)

ಎದೆ ಮೇಲಿನ ಕೊಬ್ಬು ಬೆಂಚ್ ಪ್ರೆಸ್‌ನಿಂದ ಕರಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಒಂದೇ ಜಾಗದ ಕೊಬ್ಬನ್ನ ಆರಿಸಿ ಕರಗಿಸೋ ವಿದ್ಯೆ ಇಲ್ಲ. ಕೆಲವು ಹುಡುಗರಿಗೆ ಗ್ರಂಥಿಯೇ ಊದಿರುತ್ತೆ. ಅದು ಡಂಬೆಲ್ಲಿನ ಕೇಸಲ್ಲ, ಡಾಕ್ಟರದ್ದು. ನಾಚ್ಕೊಂಡು ದೊಗಳೆ ಅಂಗಿಯೊಳಗೆ ಬಚ್ಚಿಟ್ಕೋಬೇಡಿ.

ಅಂದ ಹಾಗೆ, ಇಷ್ಟೆಲ್ಲ ಕೇಳಿ ಅಚ್ಚುಕಟ್ಟಾಗಿ ಮಾಡಿದವರು ನಮ್ಮನೇಲಿ ಒಬ್ಬರೇ, ನನ್ನ ಹೆಂಡತಿ. ಮೂರು ಕೆಜಿ ಡಂಬೆಲ್ಲಿನಿಂದ ಶುರು ಮಾಡಿದ್ಲು, ಈಗ ಏಳೂವರೆ. ಎಳೆಯೋದೂ ಅಷ್ಟೇ, ತಳ್ಳೋದೂ ಅಷ್ಟೇ. ಗಂಡಸರ ಹಾಗೆ ಆಗ್ಬಿಡ್ತೀನಾ ಅಂತ ಮೊದಲು ಹೆದರಿದ್ಲು, ಹಾಗೇನೂ ಆಗಲಿಲ್ಲ. ಮೊನ್ನೆ 20 ಲೀಟರ್ ನೀರಿನ ಕ್ಯಾನನ್ನ ಬಾಗಿಲಿನಿಂದ ಅಡುಗೆಮನೆಗೆ ತಾನೇ ಎತ್ಕೊಂಡು ಹೋದ್ಲು. ನಾನು ದಾರಿ ಬಿಟ್ಟೆ.

ಸರಿ, ನೀವು ಯಾವಾಗ ಬರ್ತೀರಿ? ಸೋಮವಾರ ಬೇಡ, ಆವತ್ತು ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮಂಗಳವಾರ ಬನ್ನಿ, ಬೆಂಚು ಖಾಲಿ ಇರುತ್ತೆ. ಬೆನ್ನಿನ ಮೆಷಿನ್ ಮೇಲಿರೋ ಟವೆಲ್ ನಂದೇ, ತೆಗೆದು ಪಕ್ಕಕ್ಕಿಡಿ.